ಶಿಶಿಕ್ಷು ಮತ್ತು ಶಾಗಿರ್ದ್

ಸರಕಾರಿ ಪ್ರಕಟಣೆಗಳಲ್ಲಿ ‘ಶಿಶಿಕ್ಷು’ ಎಂಬ ಪದವೊಂದಿದೆ. ಅಪ್ರೆಂಟಿಸ್‌ಗೆ ಇಲಾಖೆ ಕೊಟ್ಟ ಕನ್ನಡ ಅದು. ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗನನ್ನು ನಮ್ಮ ಉರ್ದು ಮನೆಗಳಲ್ಲಿ ‘ಶಾಗಿರ್ದ್’ ಎನ್ನುತ್ತೇವೆ. ಇಬ್ಬರೂ ಕಲಿಯುವುದು ಒಂದೇ ಕಸಬು. ಆದರೆ ಮೊದಲನೆಯವನಿಗೆ ಕಾಯಿದೆಯಿದೆ, ತಿಂಗಳ ಭತ್ಯೆಯಿದೆ, ಕೊನೆಗೊಂದು ಪ್ರಮಾಣಪತ್ರವಿದೆ. ಎರಡನೆಯವನಿಗೆ ಇರುವುದು ಉಸ್ತಾದ್ ಒಬ್ಬನೇ.

1961ರ ಅಪ್ರೆಂಟಿಸ್ ಕಾಯಿದೆಯ ಕೆಳಗೆ 2019ರಲ್ಲಿ ತಿದ್ದಿದ ನಿಯಮಗಳ ಪ್ರಕಾರ, 30 ಮತ್ತು ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಮಂದಿ ಇರುವಲ್ಲಿ ಅದು ಮಾಲೀಕನ ಇಚ್ಛೆ. ಹಿಂದೆ ಕೊಳ್ಳೇಗಾಲಕ್ಕೆ, ಈಗ ಹನೂರು ತಾಲೂಕಿಗೆ ಸೇರಿದ ರಾಮಾಪುರದಂಥ ಕಾಡಂಚಿನ ಹೋಬಳಿಗೆ ಈ ಲೆಕ್ಕವನ್ನು ಹಿಡಿದು ನೋಡಿ. ಒಬ್ಬ ಮೆಕ್ಯಾನಿಕ್, ಇಬ್ಬರು ಹುಡುಗರು ಇರುವ ಬೈಕ್ ರಿಪೇರಿ ಅಂಗಡಿ, ವೆಲ್ಡಿಂಗ್ ಶೆಡ್ಡು, ಟೈಲರನ ಮಳಿಗೆ ಈ ಲೆಕ್ಕದೊಳಗೆ ಬರುವುದೇ ಇಲ್ಲ. ಐಟಿಐ ಮುಗಿಸಿದವನು ಸಾರಿಗೆ ಸಂಸ್ಥೆಯ ವರ್ಕ್‌ಶಾಪಿಗೋ ನಂಜನಗೂಡಿನ ಕಾರ್ಖಾನೆಗೋ ಹೋಗಬೇಕು. ಊರಿನಲ್ಲೇ ಕಲಿಯುವವನು ಕಾನೂನಿನ ಕಣ್ಣಿಗೆ ಬೀಳುವುದಿಲ್ಲ.

ಕಸಬಿಗೆ ಶಾಲೆ ಬೇಕೆಂಬ ವಿವೇಕ ಈ ನಾಡಿಗೆ ಹೊಸದಲ್ಲ. 1943ರಲ್ಲಿ ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಹುಟ್ಟಿತು. ಇಂದು ಅದು ಎಸ್.ಜೆ. ಪಾಲಿಟೆಕ್ನಿಕ್. ಹೆಸರಿನಿಂದ ಕಸಬು ಜಾರಿಹೋದದ್ದು ಸಣ್ಣ ಸಂಗತಿಯೆಂದು ನಮಗನ್ನಿಸುವುದಿಲ್ಲ. ನಮ್ಮ ಶಿಕ್ಷಣವೆಲ್ಲ ಮೆಲ್ಲಗೆ ಕೈಯಿಂದ ಕಾಗದದ ಕಡೆಗೆ ಸರಿದಿದೆ.

ಇದರ ಪೆಟ್ಟು ಯಾರಿಗೆ? 2006ರ ಸಾಚಾರ್ ವರದಿ ಉತ್ತರ ಕೊಟ್ಟಿತ್ತು. 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ನಾಲ್ಕರಲ್ಲೊಬ್ಬರು ಶಾಲೆಯ ಮುಖ ನೋಡಿರಲಿಲ್ಲ ಇಲ್ಲವೇ ನಡುವೆ ಬಿಟ್ಟಿದ್ದರು. ದುಡಿಯುವವರಲ್ಲಿ ಸ್ವಂತ ಕಸಬು, ಸಣ್ಣ ವ್ಯಾಪಾರ ಮಾಡುವವರೇ ಹೆಚ್ಚು. ಐಟಿಐ ಪ್ರವೇಶದ ಅರ್ಹತೆಯನ್ನು 8ನೇ ತರಗತಿಗೆ ಇಳಿಸಬೇಕೆಂದು ವರದಿ ಹೇಳಿತು. ವೆಲ್ಡರ್‌ನಂಥ ಕೆಲವು ಟ್ರೇಡುಗಳಿಗೆ ಅಷ್ಟು ಸಾಕು. ಫಿಟ್ಟರ್, ಎಲೆಕ್ಟ್ರಿಶಿಯನ್ ಆಗಲು ಎಸ್ಸೆಸ್ಸೆಲ್ಸಿ ಬೇಕೇ ಬೇಕು.

ಹಾಗೆಂದು ಉಸ್ತಾದನನ್ನು ಅಟ್ಟಕ್ಕೇರಿಸುವುದೂ ಬೇಡ. ಅವನ ಶೆಡ್ಡಿನಲ್ಲಿ ಕಿವಿ ಹಿಂಡಿಸಿಕೊಂಡು, ಚಹಾ ತಂದುಕೊಟ್ಟು, ಸಂಬಳವಿಲ್ಲದೆ ವರ್ಷಗಟ್ಟಲೆ ಸ್ಪ್ಯಾನರ್ ಎತ್ತಿಕೊಟ್ಟ ಮಕ್ಕಳನ್ನು ನಾವೆಲ್ಲ ಬಲ್ಲೆವು. 14 ತುಂಬದವರನ್ನು ಕೆಲಸಕ್ಕಿಡುವುದು ಅಪರಾಧ. ಅದನ್ನು ‘ಹುನರ್ ಕಲಿಯುತ್ತಿದ್ದಾನೆ’ ಎಂದು ಮುಚ್ಚುವುದು ಬೂಟಾಟಿಕೆ. ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವ ಉಸ್ತಾದ್ ನಕ್ಷೆ ಓದಲು ಕಲಿಸಲಾರ. ವಿದ್ಯುತ್ ವಾಹನ ಬಂದು ನಿಂತರೆ ಶಾಗಿರ್ದನ ಜೊತೆ ಅವನೂ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಪ್ರವಾದಿ ದಾವೂದರು ಕೈಕಸುಬಿನಿಂದ ಉಂಡವರೆಂದು ಜುಮಾ ಪ್ರವಚನದಲ್ಲಿ ಕೇಳಿ ತಲೆದೂಗುತ್ತೇವೆ. ಮಗಳಿಗೆ ಗಂಡು ನೋಡುವಾಗ ಮಾತ್ರ ಡಿಗ್ರಿ ಕೇಳುತ್ತೇವೆ. ಸರಕಾರಕ್ಕಿರುವ ಕಾಗದದ ಮೋಹ ನಮಗೂ ಇದೆ.

ಪುದುಚೇರಿ ವಿಶ್ವವಿದ್ಯಾಲಯ 1995ರಲ್ಲಿ ದೇಶದ ಮೊದಲ ಸಮುದಾಯ ಕಾಲೇಜನ್ನು ತೆರೆಯಿತು. ಸ್ಥಳೀಯ ಉದ್ಯೋಗಕ್ಕೆ ಬೇಕಾದುದನ್ನು ಹತ್ತಿರದಲ್ಲೇ, ಕಡಿಮೆ ಖರ್ಚಿನಲ್ಲಿ ಕಲಿಸುವುದು ಇಂಥ ಕಾಲೇಜಿನ ತಿರುಳು. ರಾಮಾಪುರಕ್ಕೆ ಬೇಕಾದುದು ಅದೇ, ಆದರೆ ಇನ್ನೂ ತಗ್ಗಿದ ಹೊಸ್ತಿಲಿನದು. ಸಂಜೆ ಬಾಗಿಲು ತೆರೆಯುವ ಸರಕಾರಿ ಶಾಲೆಯ ಎರಡು ಕೋಣೆ ಸಾಕು. ಹಗಲು ಶೆಡ್ಡಿನಲ್ಲಿ ದುಡಿದ ತಾಸುಗಳು ಅಲ್ಲಿ ಕಲಿಕೆಯೆಂದು ದಾಖಲಾಗಲಿ. ಅಳತೆ, ನಕ್ಷೆ, ಲೆಕ್ಕವನ್ನು ಮೇಷ್ಟ್ರು ಹೇಳಿಕೊಡಲಿ. ಕೈಚಳಕವನ್ನು ಉಸ್ತಾದ್ ಕಲಿಸಲಿ, ಅದಕ್ಕೆ ಗೌರವಧನ ಪಡೆಯಲಿ. ಮೂರು ಜನರ ಅಂಗಡಿಗಳು ಹತ್ತು ಸೇರಿದರೆ ಮೂವತ್ತಾಗುತ್ತದೆ ಎಂಬ ಸರಳ ಲೆಕ್ಕ ಕಾಯಿದೆಗೂ ತಿಳಿಯಲಿ.

ಹಣವಿಲ್ಲವೆಂಬ ಉತ್ತರವನ್ನು ನಾವು ಒಪ್ಪಲಾರೆವು. ಈ ಊರಿನ ಶಾಗಿರ್ದನೂ ವಿದ್ಯಾರ್ಥಿಯೇ ಎಂದು ಮೊದಲು ಒಪ್ಪಿಕೊಳ್ಳಬೇಕು. ಅದಕ್ಕೆ ಖರ್ಚೇನೂ ಇಲ್ಲ.