ಎಣ್ಣೆಗೂ ನೀರಿಗೂ ರಾಜಿ ಮಾಡಿಸುವ ಮೇಣ

ಸೋಪು ಎಣ್ಣೆಯ ಜಿಡ್ಡನ್ನು ನೀರಿನೊಂದಿಗೆ ಕಳಿಸಿಬಿಡುತ್ತದೆ. ಎಣ್ಣೆ, ನೀರು ಎರಡನ್ನೂ ಚರ್ಮದ ಮೇಲೇ ಉಳಿಸಬೇಕಾದರೆ? ಅಲ್ಲಿ ಕೆಲಸಕ್ಕೆ ಬರುವುದು ಎಮಲ್ಸಿಫೈಯಿಂಗ್ ವ್ಯಾಕ್ಸ್.

ನೋಡಲು ಬಿಳಿ ಚಕ್ಕೆ, ಅಷ್ಟೆ. ಮೇಣದಂಥ ಸೀಟೋಸ್ಟಿಯರಿಲ್ ಆಲ್ಕೋಹಾಲ್ ಜೊತೆಗೆ ಪಾಲಿಸಾರ್ಬೇಟ್ 60 ಅಥವಾ ಸೋಡಿಯಂ ಲಾರಿಲ್ ಸಲ್ಫೇಟ್ ಸೇರಿಸಿ ಮಾಡಿದ್ದು. ಇದರ ಅಣುವಿನ ಒಂದು ತುದಿ ನೀರನ್ನು ಹಿಡಿದರೆ ಇನ್ನೊಂದು ಎಣ್ಣೆಯನ್ನು ಹಿಡಿಯುತ್ತದೆ. ಜೇನುಮೇಣಕ್ಕೆ ಒಂಟಿಯಾಗಿ ಈ ಶಕ್ತಿಯಿಲ್ಲ.

ನಿಮ್ಮ ಅಡುಗೆಮನೆಯಲ್ಲೂ ಎಣ್ಣೆ-ನೀರು ಬೆರೆಯುವುದನ್ನು ಕಣ್ಣಾರೆ ಕಾಣಬಹುದು. 75 ಗ್ರಾಂ ಡಿಸ್ಟಿಲ್ಡ್ ನೀರು ಒಂದು ಪಾತ್ರೆಯಲ್ಲಿ. 18 ಗ್ರಾಂ ಕೊಬ್ಬರಿ ಎಣ್ಣೆ, 6 ಗ್ರಾಂ ಎಮಲ್ಸಿಫೈಯಿಂಗ್ ವ್ಯಾಕ್ಸ್ ಇನ್ನೊಂದರಲ್ಲಿ. ಎರಡನ್ನೂ ಬಿಸಿನೀರಿನ ಮೇಲಿಟ್ಟು 70 ಡಿಗ್ರಿಗೆ ಕಾಯಿಸಿ, ಒಂದಕ್ಕೊಂದು ಸುರಿದು ಕಡೆಯಿರಿ. ತಿಳಿಯಾಗಿದ್ದದ್ದು ಕ್ಷಣದಲ್ಲಿ ಹಾಲುಬಿಳುಪಾಗುತ್ತದೆ, ಆರುತ್ತ ಗಟ್ಟಿಯಾಗುತ್ತದೆ. ನೀರಿದ್ದ ಕಡೆ ಬೂಷ್ಟು, ಬ್ಯಾಕ್ಟೀರಿಯಾ ಬರುವುದು ಖಚಿತ. 40 ಡಿಗ್ರಿಗೆ ಇಳಿದಾಗ ಪ್ರಿಸರ್ವೇಟಿವ್ ಸೇರಿಸಲೇಬೇಕು, ಅದರ ಪೊಟ್ಟಣದಲ್ಲಿ ಹೇಳಿದಷ್ಟೇ.

ಅಂಗಡಿಯ ಲೋಷನ್ನಿನ ಹಿಂದಿರುವುದೂ ಇದೇ ತತ್ವ. ಎಸ್ಜಿಮಾ ಇರುವವರು ಮಾತ್ರ ಸಲ್ಫೇಟ್ ಇರುವ ಮೇಣವನ್ನು ದೂರವಿಡಲಿ, ಅದು ಚರ್ಮವನ್ನು ಕೆರಳಿಸಬಲ್ಲದು. ಮಿಕ್ಕವರು ಶೀಶೆಯ ಹಿಂದಿನ ಸಣ್ಣಕ್ಷರಗಳನ್ನು ಒಮ್ಮೆ ಓದಿ ನೋಡಿ: ಗಂಧಕ್ಕೆ, ಬಣ್ಣಕ್ಕೆ ಸಲ್ಲುವ ಹೊಗಳಿಕೆಯಲ್ಲಿ ದೊಡ್ಡ ಪಾಲು ಇಂಥ ಮೇಣಕ್ಕೆ ಸಲ್ಲಬೇಕು.