ಬಾಡಿಗೆದಾರ ಕಂಡ ಬಯಲು

ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ (1847) ಕಾದಂಬರಿಯನ್ನು ಹುಚ್ಚುಪ್ರೇಮದ ಕಥೆಯೆಂದೇ ಓದುವುದು ರೂಢಿ. ಪರವೂರಿನಲ್ಲಿ ಬಾಡಿಗೆ ಮನೆ ಹಿಡಿದಿರುವ ನಮ್ಮಂಥವರಿಗೆ ಅದರಲ್ಲಿ ಇನ್ನೊಂದು ಪ್ರಶ್ನೆಯೂ ಕಾಣುತ್ತದೆ: ಹೊರಗಿನಿಂದ ಬಂದವನು ಒಂದು ನೆಲವನ್ನು ಎಷ್ಟು ಅರಿಯಬಲ್ಲ?

ಕಥೆ ತೆರೆಯುವ ಲಾಕ್‌ವುಡ್ ಬಾಡಿಗೆದಾರ. ಜನರ ಸಹವಾಸ ಬೇಡವೆಂದು ಯಾರ್ಕ್‌ಶೈರಿನ ಮೂರ್‌ಲ್ಯಾಂಡಿಗೆ ಬಂದವನು. ಮರಗಳೇ ವಿರಳವಾದ, ಹೆದರ್ ಪೊದೆ ಹಬ್ಬಿದ, ಕಾಲಿಟ್ಟಲ್ಲಿ ಕುಸಿಯುವ ಜೌಗಿನ ಗಾಳಿಬಯಲು ಅದು. ಅಲ್ಲಿ ಅವನು ಊಹಿಸಿದ್ದೆಲ್ಲ ತಪ್ಪಾಗುತ್ತದೆ. ಸತ್ತ ಮೊಲಗಳ ರಾಶಿಯನ್ನು ಸಾಕಿದ ಬೆಕ್ಕುಗಳೆಂದುಕೊಳ್ಳುತ್ತಾನೆ. ಮನೆಯ ಸೊಸೆಯನ್ನು ಯಜಮಾನನ ಹೆಂಡತಿಯೆಂದುಕೊಳ್ಳುತ್ತಾನೆ. ದಾರಿ ತೋರಲೆಂದು ಸುಣ್ಣ ಬಳಿದು ನೆಟ್ಟ ಕಲ್ಲುಗಳೂ ಹಿಮದಲ್ಲಿ ಮುಚ್ಚಿಹೋಗುತ್ತವೆ. ಕೊನೆಗೆ ಕಾಯಿಲೆ ಬಿದ್ದು ಮಲಗಿದವನಿಗೆ ಕಥೆ ಹೇಳುವವಳು ಅಲ್ಲಿಯೇ ಬೆಳೆದ ಮನೆಗೆಲಸದ ನೆಲ್ಲಿ. ಪ್ರವಾಸಿಯ ನೋಟವನ್ನು ಸೋಲಿಸಿದ ಮೇಲೆಯೇ ಎಮಿಲಿ ಕಥೆಗೆ ದಾರಿ ಬಿಡುತ್ತಾಳೆ. ಕೃತಿಯ ನಿಜವಾದ ಜಾಣ್ಮೆ ಇಲ್ಲಿದೆ.

ಆದರೆ ಅವಳ ನೋಟಕ್ಕೂ ಮಿತಿಯಿದೆ. ಗಿಮರ್ಟನ್ ಎಂಬ ಹಳ್ಳಿಯಿಂದ ವೈದ್ಯ ಬರುತ್ತಾನೆ, ಸುದ್ದಿ ಬರುತ್ತದೆ. ಹಳ್ಳಿ ಮಾತ್ರ ಕಣ್ಣಿಗೆ ಬೀಳುವುದೇ ಅಪರೂಪ. ಎಮಿಲಿ ಬದುಕಿದ ಹಾವರ್ತ್ ಉಣ್ಣೆ ಕೆಲಸಗಾರರ ಊರು. ಅವಳ ತಂದೆ ಪ್ಯಾಟ್ರಿಕ್ ಬ್ರಾಂಟೆಯೂ ಸೇರಿ ಊರವರು ಸಲ್ಲಿಸಿದ ಮನವಿಯ ಮೇಲೆ 1850ರಲ್ಲಿ ನಡೆದ ಆರೋಗ್ಯ ತನಿಖೆ ಅಲ್ಲಿ ಸತ್ತವರ ಸರಾಸರಿ ವಯಸ್ಸು 26 ಕೂಡ ಮುಟ್ಟದ್ದನ್ನು ದಾಖಲಿಸಿತು. ಕುಡಿಯುವ ನೀರು ಕೆಟ್ಟಿತ್ತು, ಚರಂಡಿ ಇರಲಿಲ್ಲ. ಇಂದು ಹಾವರ್ತಿನಿಂದ ಬಯಲು ಹತ್ತಿ ಟಾಪ್ ವಿದೆನ್ಸ್ ಎಂಬ ಪಾಳುಮನೆಗೆ ನಡೆಯುವವರು ಕಾದಂಬರಿಯ ಮನೆಯನ್ನೇ ಹುಡುಕುತ್ತಾರೆ. ಈ ಕಟ್ಟಡಕ್ಕೂ ಕಾದಂಬರಿಯ ಮನೆಗೂ ಹೋಲಿಕೆಯಿಲ್ಲವೆಂದು 1964ರಲ್ಲಿ ಬ್ರಾಂಟೆ ಸೊಸೈಟಿ ಹಾಕಿದ ಫಲಕವೇ ಹೇಳುತ್ತದೆ. ಬಯಲನ್ನಷ್ಟೇ ನೋಡಿ ಊರನ್ನು ದಾಟಿಹೋಗುವ ಚಟವನ್ನು ಕಾದಂಬರಿಯೂ ಸ್ವಲ್ಪ ಕಲಿಸಿದೆ.

ಎಮಿಲಿ ಬಿಟ್ಟುಕೊಡದ ಒಂದು ಸಂಗತಿಯೆಂದರೆ ಆಳು ಜೋಸೆಫನ ಒರಟು ಸ್ಥಳೀಯ ಮಾತು. ಅವಳು ತೀರಿದ ಮೇಲೆ 1850ರ ಆವೃತ್ತಿಯಲ್ಲಿ ಅಕ್ಕ ಷಾರ್ಲೆಟ್ ಅದನ್ನು ದಕ್ಷಿಣದ ಓದುಗರಿಗಾಗಿ ತಿದ್ದಿ ಸುಲಭಗೊಳಿಸಿದಳು. ಒಳ್ಳೆಯ ಉದ್ದೇಶವೇ, ಆದರೆ ನಷ್ಟ ದೊಡ್ಡದು. ಅರ್ಥವಾಗದ ಜೋಸೆಫನೆದುರು ತಬ್ಬಿಬ್ಬಾಗುವಾಗ ಓದುಗನೂ ಲಾಕ್‌ವುಡ್ ಆಗುತ್ತಾನೆ. ಆ ತೊಡಕನ್ನು ತೆಗೆದರೆ ಅವನು ಬರೀ ಪ್ರವಾಸಿ. ನಮ್ಮೂರಿನ ಆಡುಮಾತಿನ ಬರಹವನ್ನು ನಗರದ ಓದುಗರಿಗೆ ‘ಸರಳಗೊಳಿಸಿ’ ಎನ್ನುವ ಸಂಪಾದಕರು ಎರಡೂ ಆವೃತ್ತಿಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು.