ಒನ್ ಟೌನ್, ಬೈ ಟೂ

ವಿಜಯವಾಡ ರೈಲು ನಿಲ್ದಾಣದಲ್ಲಿ ಇಳಿದು ಆಟೊದವನಿಗೆ ‘ಒನ್ ಟೌನ್’ ಅಂದರೆ ಸಾಕು, ಇನ್ನು ಚೌಕಾಸಿ ಬಾಡಿಗೆಯದ್ದು ಮಾತ್ರ. ಕನಕದುರ್ಗೆಯ ಇಂದ್ರಕೀಲಾದ್ರಿಗೂ ರೈಲು ಹಳಿಗಳಿಗೂ ನಡುವೆ ಒತ್ತೊತ್ತಾಗಿ ಬೆಳೆದ ಹಳೇ ಪೇಟೆ ಅದು. ಕಾಳೇಶ್ವರರಾವ್ ಮಾರ್ಕೆಟ್ಟು, ಬಟ್ಟೆಯ ಸಗಟು ಅಂಗಡಿಗಳು ಎಲ್ಲ ಅಲ್ಲೇ. ವಿಶಾಖಪಟ್ಟಣಕ್ಕೂ ಒಂದು ಒನ್ ಟೌನ್ ಇದೆ, ಬಂದರಿನ ಮಗ್ಗುಲಲ್ಲಿ, ಕುರುಪಾಂ ಮಾರ್ಕೆಟ್ಟಿನ ಸುತ್ತ. ಆಂಧ್ರದ ಊರುಗಳಲ್ಲಿ ಪೊಲೀಸ್ ಠಾಣೆಗಳಿಗೆ ಒನ್ ಟೌನ್, ಟೂ ಟೌನ್, ತ್ರೀ ಟೌನ್ ಎಂದು ಹೆಸರಿಡುವುದು ವಾಡಿಕೆ. ಕನ್ನಡದ ಮಾತೂ ಕಿವಿಗೆ ಬೀಳುವ ಹಿಂದೂಪುರ, ಆದೋನಿಗಳಲ್ಲೂ ಹೀಗೆಯೇ. ಇಂಗ್ಲಿಷ್ ಮೇಷ್ಟರ ಕೈಗೆ ಕೊಟ್ಟರೆ ‘ಒನ್ ಟೌನ್’ ಎಂದರೆ ಇಡೀ ಒಂದು ಊರು. ‘ಟೂ ಟೌನ್’ ಎಂದರೆ ಎರಡು ಊರು, ಅದೂ ಬಹುವಚನದ ಬಾಲವಿಲ್ಲದೆ. ಅಸಲಿಗೆ ಅವು ಒಂದೇ ಊರಿನ ಹೋಳುಗಳು. ವಿಶಾಖಪಟ್ಟಣದಲ್ಲಿ ಫೋರ್ ಟೌನ್ ಠಾಣೆಯೂ ಇರುವುದರಿಂದ, ಲೆಕ್ಕ ಹಾಕುತ್ತ ಹೋದರೆ ಆ ಒಂದು ನಗರದೊಳಗೆ ಹತ್ತು ಊರಾದವು!

ಇಂಗ್ಲಿಷಿನ ಪಾಲಿನ ಪದಗಳು ನಮ್ಮ ಬೀದಿಗೆ ಇಳಿದರೆ ಹೀಗೇ. ತಾವು ಯಾವುದರ ಪಾಲು ಅನ್ನುವುದನ್ನೇ ಮರೆತು ಬೇರೆ ಮನೆ ಹೂಡುತ್ತವೆ. ನನಗೆ ಇದು ಭಾಷೆ ಕೆಟ್ಟದ್ದು ಅನ್ನಿಸುವುದಿಲ್ಲ, ಭಾಷೆಯ ಚೇಷ್ಟೆ ಅನ್ನಿಸುತ್ತದೆ.

‘ಸೆಂಟ್’ ನೋಡಿ. ಎಕರೆಯ ನೂರನೆಯ ಒಂದು ಪಾಲು, 435.6 ಚದರಡಿ. ಮದ್ರಾಸ್ ಪ್ರಾಂತ್ಯದ ಆಡಳಿತ ನಡೆದ ಕಡೆಯೆಲ್ಲ ಈ ಪದ ನೆಲದಲ್ಲಿ ಬೇರು ಬಿಟ್ಟಿದೆ. ಮಂಗಳೂರಿನ ಕಡೆ ‘ಐದು ಸೆಂಟ್ಸ್’ ಅಂದರೆ ಗಣಿತವಲ್ಲ, ಒಂದು ಬಡ ಕುಟುಂಬದ ಮನೆ, ಬಾವಿ, ಎರಡು ತೆಂಗಿನ ಗಿಡ. ಆಂಧ್ರ ಸರ್ಕಾರ 2020ರಲ್ಲಿ ಬಡವರಿಗೆ ನಿವೇಶನ ಹಂಚಿದಾಗ ಅಳತೆ ನಗರದಲ್ಲಿ ಒಂದು ಸೆಂಟು, ಹಳ್ಳಿಯಲ್ಲಿ ಒಂದೂವರೆ. ನೂರರಲ್ಲಿ ಒಂದು ಎಂಬ ಲ್ಯಾಟಿನ್ ಲೆಕ್ಕಕ್ಕೆ ಸೂರು ಬಂತು. ಹಳೇ ಮೈಸೂರಿನವರಿಗೆ ಮಾತ್ರ ಈ ಸೆಂಟು ಇವತ್ತಿಗೂ ಅತ್ತರಿನ ನೆನಪನ್ನೇ ತರುವುದು. ನಮ್ಮದು ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದಾಗ ರೂಪಾಯಿಯಿಂದ ಹೊರಬಿದ್ದ ಆಣೆ, ಪಹಣಿಯೊಳಗೆ ಇನ್ನೂ ಚಲಾವಣೆಯಲ್ಲಿದೆ.

‘ಕ್ವಾರ್ಟರ್’ ಎಂಬುದರದ್ದು ಇನ್ನೂ ದೊಡ್ಡ ಸಂಸಾರ. ಬಾಲಕ್ಕೊಂದು ‘ಸ್’ ಸೇರಿದರೆ ರೈಲ್ವೆ ನೌಕರನ ಮನೆ. ಸೇರದಿದ್ದರೆ 180 ಎಂಎಲ್ ಬಾಟಲಿ. ಅದು ಕಾಲುಭಾಗವೂ ಅಲ್ಲ: 750ರ ಫುಲ್ ಬಾಟಲಿಯ ಕಾಲು 187.5 ಆಗಬೇಕಿತ್ತು. ಆ ಏಳೂವರೆ ಎಂಎಲ್ ಎಲ್ಲಿ ಹೋಯಿತೆಂದು ಕೌಂಟರಿನ ಮುಂದೆ ಯಾರೂ ಜಗಳ ತೆಗೆದದ್ದಿಲ್ಲ. ‘ಹಾಫ್ ಟಿಕೆಟ್’ ಅಂದರೆ ಮಗು, ಕೆಲವೊಮ್ಮೆ ಕುಳ್ಳಗಿರುವ ಗೆಳೆಯ. ‘ಪರ್ಸೆಂಟೇಜ್’ ಅಂದರೇನೆಂದು ನಮ್ಮ ರಾಜ್ಯದಲ್ಲಂತೂ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಆದರೆ ಸೂಕ್ಷ್ಮದ ಮಾತು ಬಂದರೆ ನನ್ನ ಮನಸ್ಸು ಇಂಗ್ಲಿಷನ್ನು ಬಿಟ್ಟು ‘ಮುಕ್ಕಾಲು ಮೂರು ವೀಸ’ಕ್ಕೆ ಓಡುತ್ತದೆ. ವೀಸ ಎಂದರೆ ಹದಿನಾರರಲ್ಲಿ ಒಂದು. ಮುಕ್ಕಾಲೆಂದರೆ ಹನ್ನೆರಡು ವೀಸ, ಅದಕ್ಕೆ ಮೂರು ಸೇರಿದರೆ ಹದಿನೈದು. ‘ಊರಿನ ಮುಕ್ಕಾಲು ಮೂರು ವೀಸ ಪಾಲು ಜನ ಜಾತ್ರೆಗೆ ಹೋಗಿದ್ದರು’ ಎಂದು ಅಜ್ಜಿಯರು ಹೇಳುತ್ತಿದ್ದಾಗ, ಮನೆ ಕಾಯಲು ಉಳಿದ ಒಂದು ವೀಸ ಮಂದಿಗೂ ಆ ಮಾತಿನಲ್ಲಿ ಜಾಗವಿರುತ್ತಿತ್ತು. ‘ಆಲ್ಮೋಸ್ಟ್’ ಎಂಬ ಮಾತಿನಲ್ಲಿ ಉಳಿದವರ ಸುಳಿವೇ ಇಲ್ಲ. ‘ನೈಂಟಿ ಪರ್ಸೆಂಟ್’ ಎಂದರಂತೂ ಯಾರೋ ಸಮೀಕ್ಷೆ ಮಾಡಿ ಬಂದಂತೆ ಕೇಳಿಸುತ್ತದೆ.

ಈ ನುಡಿಗಟ್ಟಿನ ಚೆಲುವು ಕಿವಿಯದ್ದು ಮಾತ್ರವಲ್ಲ, ಕಣ್ಣಿನದ್ದೂ ಹೌದು. ಹಳೆಯ ತೆಲುಗು ಲೆಕ್ಕಗಳಲ್ಲಿ ಭಿನ್ನರಾಶಿಯನ್ನು ನಾಲ್ಕರ ಮಡಿಯಲ್ಲಿ ಬರೆಯುತ್ತಿದ್ದರು. ಕಾಲುಗಳಿಗೆ ನಿಂತ ಗೆರೆ, ಕಾಲಿನ ಕಾಲಾದ ವೀಸಗಳಿಗೆ ಮಲಗಿದ ಗೆರೆ, ಅದರ ಕಾಲಿಗೆ ಮತ್ತೆ ನಿಂತ ಗೆರೆ. 2008ರಲ್ಲಿ ಈ ಗೆರೆಗಳಿಗೆ ಯೂನಿಕೋಡ್‌ನಲ್ಲೂ ಮನೆ ಸಿಕ್ಕಿದೆ. ಹದಿನಾರರಲ್ಲಿ ಹದಿನೈದನ್ನು ಈ ಕ್ರಮದಲ್ಲಿ ಬರೆದು ನೋಡಿ: ಮೂರು ಗೆರೆ ನಿಂತಿವೆ, ಪಕ್ಕದಲ್ಲಿ ಮೂರು ಗೆರೆ ಮಲಗಿವೆ. ಕಂಡದ್ದನ್ನು ಕಂಡ ಹಾಗೆಯೇ ಓದಿದರೆ ಮುಕ್ಕಾಲು, ಮೂರು ವೀಸ. ನಾವು ಆಡುಮಾತು ಅಂದುಕೊಂಡದ್ದು ಲೆಕ್ಕದ ಪುಸ್ತಕದ ಎರಡು ಅಂಕೆಗಳ ಉಚ್ಚಾರಣೆ! ನಮ್ಮ ‘ಕಾಲು’ ಕೂಡ ದನದ ನಾಲ್ಕು ಕಾಲನ್ನು ಕಣ್ಣಮುಂದೆ ತರುತ್ತದೆ. ಸಂಸ್ಕೃತದ ‘ಪಾದ’ಕ್ಕೂ ಅಡಿ, ನಾಲ್ಕನೆಯ ಪಾಲು ಎಂದು ಎರಡೂ ಅರ್ಥ. ಸೇರಿನ ಕಾಲುಭಾಗವಾದ ‘ಪಾವು’ ಕೊನೆಗೆ ಅಕ್ಕಿ ಅಳೆಯುವ ಪಾತ್ರೆಯೇ ಆಗಿಹೋಯಿತು. ಹಾಗೆ ನೋಡಿದರೆ ಪಾಲನ್ನು ಪೂರ್ಣ ಮಾಡುವ ಚಟ ನಮಗೆ ಇಂಗ್ಲಿಷ್ ಬರುವ ಮೊದಲೇ ಇತ್ತು.

ಆ ಚಟದ ಪರಮಾವಧಿ ‘ಬೈ ಟೂ’. ‘ಒನ್ ಬೈ ಟೂ’ ಎಂಬ ಶಾಲೆಯ ಭಿನ್ನರಾಶಿಯಿಂದ ಬೆಂಗಳೂರಿನವರು ಒಂದನ್ನೂ ಕಿತ್ತುಹಾಕಿ ಬರೀ ಭಾಗಾಕಾರವನ್ನು ಇಟ್ಟುಕೊಂಡರು. ಏನನ್ನು ಭಾಗಿಸುವುದು ಎಂದು ಹೇಳಲೇಬೇಕಿಲ್ಲ, ಫಿಲ್ಟರ್ ಕಾಫಿಯ ಘಮವೇ ಹೇಳುತ್ತದೆ. ಎರಡು ಸಣ್ಣ ಲೋಟ ಬರುತ್ತವೆ. ನೊರೆಯ ಕೃಪೆಯಿಂದ ಎರಡೂ ಮುಕ್ಕಾಲು ತುಂಬಿದಂತೆ ಕಾಣುತ್ತವೆ, ಅಂದರೆ ಅರ್ಧಕ್ಕೆ ಅರ್ಧ ಸೇರಿ ಒಂದೂವರೆ. ಜಿಪುಣತನವೆಂದು ಹೊರಗಿನವರು ನಕ್ಕರೆ ನಗಲಿ. ಪೂರ್ತಿ ಕಾಫಿಯನ್ನು ಒಬ್ಬನೇ ನಿಂತು ಕುಡಿಯಬಹುದು, ಬೈ ಟೂ ಹೇಳಬೇಕಾದರೆ ಜೊತೆಗೊಬ್ಬರು ಬೇಕೇ ಬೇಕು. ಸೂಪಿನ ಹೋಟೆಲಿನಲ್ಲಿ ಇದು ‘ಟೂ ಬೈ ತ್ರೀ’ವರೆಗೂ ಬೆಳೆಯುತ್ತದೆ: ಎರಡು ಸೂಪು, ಮೂರು ಬಟ್ಟಲು, ತಲೆಗೆ ಸರಿಯಾಗಿ ಮೂರರಲ್ಲೆರಡು. ನಾಲ್ಕನೆಯವರು ತಡವಾಗಿ ಬಂದು ಕೂತರೆ ಮಾಣಿ ಅಡುಗೆಮನೆಯತ್ತ ತಿರುಗಿ ‘ಟೂ ಬೈ ಫೋರ್’ ಎಂದು ಕೂಗುತ್ತಾನೆಯೇ ಹೊರತು, ಅದನ್ನು ಸಂಕ್ಷೇಪಿಸಿ ‘ಒನ್ ಬೈ ಟೂ’ ಮಾಡಲು ಹೋಗುವುದಿಲ್ಲ. ಹಾಗೆ ಮಾಡಿದರೆ ಒಂದೇ ಸೂಪು ಬರುತ್ತದೆ.